ಯುರೋಪಿಗೆ ಬಡಿಸಲು ಬರುವುದಿಲ್ಲ

ನಮ್ಮ ಮನೆಯಲ್ಲಿ ಜೋಳದ ಹಿಟ್ಟು ಹಾರುವುದು ನೇರವಾಗಿ ಯುರೋಪಿನ ಮೇಲೆ. ಗಾಬರಿಯಾಗಬೇಡಿ, ನನ್ನ ಏಪ್ರನ್ನಿನ ಮಾತು ಹೇಳುತ್ತಿದ್ದೇನೆ. ಗಾಢ ನೀಲಿ ಬಟ್ಟೆ, ಎದೆಯ ಮೇಲೆ ಯುರೋಪಿನ ಬಾವುಟದ ಹಾಗೆ ದುಂಡಗೆ ನಿಂತ ಹಳದಿ ನಕ್ಷತ್ರಗಳು. ರೊಟ್ಟಿ ಬಡಿಯಲು ನಿಂತರೆ ಮೊದಲು ನಕ್ಷತ್ರಗಳು ಕಾಣೆಯಾಗುತ್ತವೆ, ಆಮೇಲೆ ನೀಲಿ ಬಣ್ಣ. ಒಂಬತ್ತನೇ ಕ್ಲಾಸಿನ ನನ್ನ ಮಗ ಪ್ರಣವ್ ಅಡುಗೆಮನೆಗೆ ಇಣುಕಿ, "ಅಮ್ಮಾ, ಯು ಲುಕ್ ಲೈಕ್ ಅ ಪಾರ್ಲಿಮೆಂಟ್" ಅನ್ನುತ್ತಾನೆ. ನಾನು ಕನ್ನಡದಲ್ಲಿ ಬೈದರೆ ಅವನು ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಾನೆ. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನಮ್ಮ ಸಂಸ್ಕೃತಿ ಈ ರೀತಿಯಾಗಿ ಮುಂದಿನ ಪೀಳಿಗೆಗೆ ದಾಟುತ್ತಿದೆ.

ಈ ಏಪ್ರನ್ ನನಗೆ ಸಿಕ್ಕಿದ್ದು ಯುರೋಪಿನ ಅಸ್ಮಿತೆಯನ್ನು ಕಾಪಾಡುವ ಕಾರ್ಯದಲ್ಲಿ ಕೈಜೋಡಿಸಿದ್ದಕ್ಕೆ. ನಗಬೇಡಿ. ರಬಕವಿಯ ಹೆಣ್ಣುಮಗಳು ಯುರೋಪನ್ನು ಕಾಪಾಡಬಾರದು ಅಂತ ಎಲ್ಲೂ ಬರೆದಿಲ್ಲ.

ಹಾಗೆ ನೋಡಿದರೆ ಯುರೋಪಿನ ಬಗ್ಗೆ ನನ್ನ ತಿಳಿವಳಿಕೆ ಮೊದಲಿನಿಂದಲೂ ಆಳವಾದದ್ದು. ನಮ್ಮ ಶಾಲೆಯ ಗೋಡೆಯ ನಕಾಶೆಯಲ್ಲಿ ಆ ಖಂಡ ಸರಿಯಾಗಿ ಮಡಿಕೆ ಬೀಳುವ ಜಾಗದಲ್ಲಿತ್ತು. ಮಡಚಿ ಮಡಚಿ ಅರ್ಧ ಯುರೋಪು ಹರಿದೇಹೋಗಿತ್ತು. ಉಳಿದ ಅರ್ಧದಲ್ಲಿ ಇರುವವರೆಲ್ಲ ಇಂಗ್ಲಿಷಿನವರೇ ಅಂತ ಭೂಗೋಳದ ಮಾಸ್ತರರು ಹೇಳಿದ್ದರು, ನಾವು ನಂಬಿದ್ದೆವು. ಬಿಳಿಯ ಬಣ್ಣದವರು ಒಬ್ಬರಿಗೊಬ್ಬರು ಬೇರೆ ಬೇರೆ ಭಾಷೆಯಲ್ಲಿ ಜಗಳವಾಡಬಲ್ಲರು ಅನ್ನುವುದು ನನಗೆ ಗೊತ್ತಾದದ್ದು ದುಬೈಗೆ ಬಂದ ಮೇಲೆ. ಅವರೂ ನನ್ನನ್ನು ಕೇರಳದವಳು ಅಂದುಕೊಂಡಿದ್ದರು, ಆದ್ದರಿಂದ ಲೆಕ್ಕ ಸರಿಹೋಯಿತು.

ನನ್ನ ಕಚೇರಿ ಜುಮೇರಾ ಲೇಕ್ ಟವರ್ಸ್‌ನಲ್ಲಿದೆ. ಬೇಕರಿಗಳಿಗೆ ದೊಡ್ಡ ದೊಡ್ಡ ಒಲೆ ಮಾರುವ ಯುರೋಪಿನ ಕಂಪನಿ. ನಾನು ಅಲ್ಲಿನ ಅಡ್ಮಿನ್. ಅಂದರೆ ಪೆನ್ನು ಖಾಲಿಯಾದರೂ, ಏಸಿ ಕೆಟ್ಟರೂ, ಯಾರದ್ದಾದರೂ ವೀಸಾ ಮುಗಿದರೂ ತಪ್ಪು ನನ್ನದೇ. ಬೆಳಿಗ್ಗೆ ಅಬುಧಾಬಿಯಿಂದ ಕಾರು ಹೊರಡಿಸಿ, ಸಂಜೆ ವಾಪಸ್ಸು ಓಡಿಸಿಕೊಂಡು ಬರುತ್ತೇನೆ. ಯಜಮಾನರ ಕೆಲಸ ಅಬುಧಾಬಿಯಲ್ಲಿ, ನನ್ನದು ದುಬೈಯಲ್ಲಿ, ಜಗಳವಾಡಲು ಸಿಗುವುದು ಶನಿವಾರ ಭಾನುವಾರ ಮಾತ್ರ.

ಒಂದು ದಿನ ಹೆಡ್ ಆಫೀಸಿನಿಂದ ಈಮೇಲ್ ಬಂತು. ಸಂಸ್ಕೃತಿಯೇ ನಮ್ಮನ್ನೆಲ್ಲ ಒಂದು ಮಾಡುತ್ತದೆ, ಸಂಸ್ಕೃತಿಯಿಂದಲೇ ಒಗ್ಗಟ್ಟು, ಯಾರನ್ನೂ ಹೊರಗೆ ನಿಲ್ಲಿಸದೆ ಎಲ್ಲರನ್ನೂ ಒಳಗೆ ಕರೆದುಕೊಳ್ಳುವುದೇ ಯುರೋಪಿನ ಗುರುತು ಅಂತ ಅದರಲ್ಲಿ ಬರೆದಿತ್ತು. ಈ ಮಾತುಗಳನ್ನು ಆಚರಣೆಗೆ ತರಲು ಪ್ರತಿಯೊಂದು ಶಾಖೆಯೂ ಯುರೋಪಿಯನ್ ಸಂಸ್ಕೃತಿ ಸಂಜೆ ಏರ್ಪಡಿಸಬೇಕು, ನಿರ್ದೇಶಕಿಯವರೇ ಸ್ವತಃ ಬರುತ್ತಾರೆ. ಒಳಗೆ ಕರೆದುಕೊಳ್ಳುವ ಕಾರ್ಯಕ್ರಮದ ಕುರ್ಚಿ, ಮೇಜು, ಪಾರ್ಕಿಂಗ್ ನನ್ನ ಪಾಲಿಗೆ ಬಂತು.

ಮೊದಲ ಸಭೆಯಲ್ಲೇ ಯುರೋಪು ಒಡೆಯಿತು. ಲೆಕ್ಕಪತ್ರ ವಿಭಾಗದ ಎಲೆನಾ ಬಲ್ಗೇರಿಯಾದವಳು. ಜಗತ್ತಿಗೆ ಮೊಸರು ಕೊಟ್ಟವರು ನಾವು ಅಂದಳು. ಗ್ರೀಸಿನ ಮೆಕ್ಯಾನಿಕ್ ಕುರ್ಚಿ ಹಿಂದೆ ತಳ್ಳಿ ಎದ್ದ. ಇಟಲಿಯವನು ಕಾಫಿಯ ವಿಷಯದಲ್ಲಿ ಸಂಧಾನಕ್ಕೆ ಸಿದ್ಧನಿರಲಿಲ್ಲ. ನಮ್ಮಲ್ಲಿದ್ದ ಒಬ್ಬನೇ ಇಂಗ್ಲಿಷಿನವನು ತಾನು ಯುರೋಪಿನ ಮೇಜಿಗೆ ಸೇರಬೇಕೋ ಅತಿಥಿಗಳ ಸಾಲಿಗೆ ಸೇರಬೇಕೋ ತಿಳಿಯದೆ ಬಾಗಿಲ ಹತ್ತಿರವೇ ನಿಂತುಕೊಂಡ. ನನಗೆ ತವರುಮನೆಗೆ ಬಂದಷ್ಟು ಹಿತವಾಯಿತು. ನಮ್ಮ ಕನ್ನಡ ಸಂಘದಲ್ಲೂ ರಾಜ್ಯೋತ್ಸವದ ಊಟಕ್ಕೆ ಕರಾವಳಿಯವರು ನೀರುದೋಸೆಯೇ ಆಗಬೇಕು ಅಂದರೆ ನಾವು ಜೋಳದ ರೊಟ್ಟಿ ಇಲ್ಲದಿದ್ದರೆ ಬರುವುದೇ ಇಲ್ಲ ಅಂದಿದ್ದೆವು. ಕೊನೆಗೆ ನಾಡಿನ ಏಕತೆಗಾಗಿ ಹೈದರಾಬಾದಿ ಬಿರಿಯಾನಿ ತರಿಸಿದೆವು. ಇಲ್ಲಿಯೂ ಹಾಗೇ ಆಯಿತು. ಯುರೋಪಿನ ಏಕತೆಗಾಗಿ ಕೆಳಗಿನ ಲೆಬನಾನಿ ಹೋಟೆಲಿಗೆ ಕಡಲೆ ಅರೆದು ಮಾಡುವ ಹಮ್ಮಸ್ ಹೇಳಿದರು.

ಸಭೆ ಮುಗಿಯುವಾಗ ನಮ್ಮ ಮ್ಯಾನೇಜರ್ ಹೆಂಡ್ರಿಕ್ ಸಾಹೇಬರಿಗೆ ನನ್ನ ನೆನಪಾಯಿತು. ಹಾಲೆಂಡಿನವರು, ಒಳ್ಳೆಯ ಮನುಷ್ಯ, ಬಾಗಿಲು ಹಿಡಿದುಕೊಂಡು ನಿಂತು ಮೊದಲು ನನ್ನನ್ನು ಹೋಗಲು ಬಿಡುವವರು. "ಸುಮಂಗಲಾ, ನೀವೂ ನಿಮ್ಮೂರಿನದೇನಾದರೂ ಮಾಡಿಕೊಂಡು ಬರುತ್ತೀರಾ?" ಅಂತ ಕೇಳಿದರು. "ಅಯ್ಯೋ, ಬೇಡ ಸರ್, ನನ್ನದೇನು ಅದರ ನಡುವೆ" ಅಂದೆ. "ಓಕೆ, ನಿಮ್ಮ ನಿರ್ಧಾರವನ್ನು ಗೌರವಿಸುತ್ತೇನೆ" ಅಂದು ಹೊರಟೇಹೋದರು.

ನಿಮಗೆ ಅರ್ಥವಾಗುತ್ತದೆ, ಬಿಡಿಸಿ ಹೇಳಬೇಕಾಗಿಲ್ಲ. ಹೇಳಲೇಬೇಕಾದದ್ದು ಬೇರೆಯವರಿಗೆ.

ಚಿಕ್ಕವಳಿದ್ದಾಗ ಯಾರದೇ ಮನೆಗೆ ಹೊರಟರೂ ಅವ್ವ ಓಣಿಯ ತಿರುವಿನಲ್ಲಿ ನಿಲ್ಲಿಸಿ, ನನ್ನ ಮೂಗೊರೆಸುತ್ತ ಪಾಠ ಹೇಳುತ್ತಿದ್ದಳು. "ಮೊದಲನೇ ಸಲ ಕೊಟ್ರ ಬ್ಯಾಡ ಅನಬೇಕು. ಎರಡನೇ ಸಲಾನೂ ಬ್ಯಾಡ ಅನಬೇಕು. ಮೂರನೇ ಸಲ ನನ್ನ ಮುಖಾ ನೋಡು." ಆ ಮೂರನೆಯ ನೋಟಕ್ಕೆ ಅವ್ವ ರೆಪ್ಪೆ ಬಡಿದರೆ ಉಂಡೆ ನನ್ನದು. ನಮ್ಮ ಕಡೆ ಪಂಕ್ತಿಯಲ್ಲಿ ಕುಳಿತವರು ಸಾಕು ಸಾಕು ಅಂತ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು ಬೆರಳ ಸಂದಿಯಿಂದ ತುಪ್ಪ ಹೊಯ್ಯುತ್ತಾರೆ. ಕೈ ತೆಗೆಯುವವರೆಗೆ ಕಾಯುವವನು ಬಡಿಸುವವನೇ ಅಲ್ಲ. ಬೇಡ ಅಂದದ್ದನ್ನು ಹಾಗೆಯೇ ಒಪ್ಪಿಕೊಳ್ಳುವುದು ಅಂದರೆ ಊಟಕ್ಕೆ ಕರೆದು ಅವಮಾನ ಮಾಡಿದಂತೆ.

ಒಮ್ಮೆ ಬ್ಯಾಂಕಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಮ್ಯಾನೇಜರರ ಮನೆಗೆ ಹೋಗಿದ್ದೆವು. ಬೆಂಗಳೂರಿನ ಕಡೆಯವರು. ಆಕೆ ತಟ್ಟೆಯಲ್ಲಿ ಮೈಸೂರುಪಾಕು ತಂದು, "ತಗೋತೀರಾ?" ಅಂದರು. ಅವ್ವ, "ಬ್ಯಾಡ್ರಿ, ಈಗ ಊಟ ಆಗೇದ" ಅಂದಳು. ಆಕೆ, "ಹೌದಾ, ಸರಿ" ಅಂತ ತಟ್ಟೆಯನ್ನು ಒಳಗೆ ಒಯ್ದುಬಿಟ್ಟರು! ತುಪ್ಪದ ವಾಸನೆ ಬೀರುತ್ತ ಅದು ಪರದೆಯ ಹಿಂದೆ ಮರೆಯಾದದ್ದನ್ನು ನಾನು ಇಂದಿಗೂ ಮರೆತಿಲ್ಲ. ದಾರಿಯುದ್ದಕ್ಕೂ ಅತ್ತೆ. "ಅಳಬ್ಯಾಡ, ಆಕೀಗೆ ಪಾಪ ಯಾರೂ ಕಲಿಸಿಲ್ಲ" ಅಂದಳು ಅವ್ವ. ಯುರೋಪಿನ ಬಗ್ಗೆಯೂ ನನ್ನ ಅಭಿಪ್ರಾಯ ಇಷ್ಟೇ. ಪಾಪ, ಯಾರೂ ಕಲಿಸಿಲ್ಲ.

ನನಗೇನೋ ಹೋದದ್ದು ರೊಟ್ಟಿ ಒಯ್ಯುವ ಅವಕಾಶ ಮಾತ್ರ. ಮುನೀರ್ ಭಾಯ್ ಕಳೆದುಕೊಳ್ಳಲು ಹೊರಟದ್ದು ಅಷ್ಟು ಹಗುರದ್ದಾಗಿರಲಿಲ್ಲ.

ಮುನೀರ್ ಭಾಯ್ ಭಟ್ಕಳದವರು, ನವಾಯತಿ ಮಾತಾಡುವ ವ್ಯಾಪಾರಿ ಮನೆತನದವರು. ದುಬೈಯ ಹಳೆಯ ಪೇಟೆ ದೇರಾದಲ್ಲಿ ಅವರ ತಂದೆಯ ಕಾಲದಿಂದ ಬಟ್ಟೆ ಅಂಗಡಿಯಿತ್ತು. ಅಣ್ಣತಮ್ಮಂದಿರು ಬೇರೆಯಾದಾಗ ಅಂಗಡಿ ಮುಚ್ಚಿತು, ಇವರು ನಮ್ಮಲ್ಲಿ ಸಾಮಾನು ಸಾಗಾಟ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಇರುವುದು ಬೆಡ್‌ಸ್ಪೇಸಿನಲ್ಲಿ. ಅಂದರೆ ಇಡೀ ಕೋಣೆಯಲ್ಲಿ ಅವರದ್ದು ಅಂತ ಹೇಳಿಕೊಳ್ಳಬಹುದಾದದ್ದು ಒಂದು ಮಂಚ. ಹೆಂಡತಿ ಶಾಹಿದಾ ಮತ್ತು ಮಗಳು ಭಟ್ಕಳದಲ್ಲಿ. ದಿನಾ ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ಡಬ್ಬಿ ಬಿಚ್ಚಿ, ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ಹೆಂಡತಿಯ ಮುಖ ನೋಡುತ್ತ ಊಟ ಮಾಡುತ್ತಾರೆ. ಮಾಲೀಕನಾಗಿದ್ದ ಮನುಷ್ಯ. ತನಗಾಗಿ ಬಾಯಿಬಿಟ್ಟು ಏನನ್ನೂ ಕೇಳುವ ಅಭ್ಯಾಸ ಅವರಿಗಿಲ್ಲ.

ಆಗಲೇ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಕಂಪನಿ ಹೊಸ ಗೋದಾಮು ತೆರೆಯಿತು. ಅದಕ್ಕೊಬ್ಬ ಮುಖ್ಯಸ್ಥ ಬೇಕಿತ್ತು. ಸಂಬಳ ಹೆಚ್ಚು, ಅಲ್ಲೇ ಹತ್ತಿರ ಕಂಪನಿಯ ಫ್ಯಾಮಿಲಿ ಫ್ಲ್ಯಾಟು, ಹೆಂಡತಿ ಮಕ್ಕಳಿಗೆ ವೀಸಾ. ಹೆಂಡ್ರಿಕ್ ಸಾಹೇಬರು ಮುನೀರ್ ಭಾಯ್ ಅವರನ್ನು ಕ್ಯಾಬಿನ್ನಿಗೆ ಕರೆದರು. ಐದು ನಿಮಿಷದಲ್ಲಿ ಅವರು ಹೊರಬಂದಾಗ ಮುಖ ಹಬ್ಬದ ಚಂದ್ರನನ್ನು ಕಂಡವರ ಹಾಗೆ ಇತ್ತು.

"ಕೇಳಿದ್ರು ಅಕ್ಕಾ! ನನ್ನನ್ನೇ ಕೇಳಿದ್ರು!"

"ನೀವೇನಂದ್ರಿ?"

"ಎಂತ ಹೇಳುದು? ಬೇಡ ಸರ್, ನನಗೆ ಎಂತಕ್ಕೆ, ನನಗಿಂತ ದೊಡ್ಡವರಿದ್ದಾರಲ್ಲ ಅಂದೆ. ಮರ್ಯಾದೆ ಅಂತ ಉಂಟಲ್ಲ. ನಾಳೆ ನಾಡಿದ್ದು ಮತ್ತೆ ಕರೀತಾರೆ."

ಮತ್ತೆ ಕರೆಯಲಿಲ್ಲ. ಮರುದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಅದರ ಮರುದಿನವೂ ಇಸ್ತ್ರಿಯ ಅಂಗಿಯೇ. ವಾರ ಕಳೆಯುವಷ್ಟರಲ್ಲಿ ಆ ಹುದ್ದೆಗೆ ಹೊರಗಿನವರನ್ನು ಸಂದರ್ಶನಕ್ಕೆ ಕರೆಯುವಂತೆ ಹೆಂಡ್ರಿಕ್ ನನಗೇ ಹೇಳಿದರು. "ಮುನೀರ್ ಒಪ್ಪಲಿಲ್ಲ. ಒತ್ತಾಯಿಸುವುದು ಸರಿಯಲ್ಲ, ಅಲ್ಲವೇ?" ಅಂದರು. ಎಷ್ಟು ಸಭ್ಯ ಮನುಷ್ಯ ಅಂದರೆ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ನಾನು ಹೋಗಿ ಹೇಳುತ್ತೇನೆ ಅಂದರೆ ಮುನೀರ್ ಭಾಯ್ ಕೈಮುಗಿದರು. "ಖಂಡಿತ ಹೇಳ್ಬೇಡಿ ಅಕ್ಕಾ. ಕೇಳಿ ತಗೊಂಡ ಕೆಲಸ ಅಂತ ನನ್ನ ತಲೆ ಮೇಲೆ ಯಾವಾಗ್ಲೂ ಇರ್ತದೆ." ಮನೆಗೆ ಬಂದು ಮಗನ ಮುಂದೆ ಗೋಳು ತೋಡಿಕೊಂಡೆ. ಅವನು ಫೋನಿನಿಂದ ಕಣ್ಣು ತೆಗೆಯದೆ, "ಅಮ್ಮಾ, ಹಿ ಸೆಡ್ ನೋ. ನೋ ಮೀನ್ಸ್ ನೋ" ಅಂದ. ಇಂಥ ಮಾತು ಕಲಿಸುವುದಕ್ಕೆ ನಾವು ಸ್ಕೂಲಿಗೆ ಫೀಸು ಕಟ್ಟುತ್ತಿದ್ದೇವೆ.

ದಾರಿ ತೋರಿಸಿದ್ದು ಎಲೆನಾ. ಅವಳ ದೇಶದಲ್ಲಿ ಹೌದು ಅನ್ನಬೇಕಾದರೆ ತಲೆಯನ್ನು ಅಡ್ಡಡ್ಡ ಆಡಿಸುತ್ತಾರಂತೆ. ಅದನ್ನು ಕೇಳಿದ ದಿನದಿಂದಲೇ ಆ ದೇಶದ ಮೇಲೆ ನನಗೆ ಗೌರವ. ಚಹಾ ಕುಡಿಯುತ್ತ ಅವಳಿಗೆ ಎಲ್ಲ ಹೇಳಿದೆ. ಅವಳು ಕಪ್ಪು ಕೆಳಗಿಟ್ಟು, "ಹೆಂಡ್ರಿಕ್‌ಗೆ ಬುದ್ಧಿ ಇಲ್ಲವೇ? ನಮ್ಮಜ್ಜಿಯ ಮನೆಯಲ್ಲಿ ಸಾಕು ಅಂದವರ ತಟ್ಟೆಗೆ ಎರಡು ಪಟ್ಟು ಬೀಳುತ್ತಿತ್ತು" ಅಂದಳು. ಯುರೋಪಿನ ನಿಜವಾದ ಗಡಿ ಯಾವುದು ಅಂತ ಆ ಕ್ಷಣ ನನಗೆ ಹೊಳೆಯಿತು. ಒಂದು ಕಡೆ ಒಂದೇ ಸಲ ಕೇಳುವವರು, ಇನ್ನೊಂದು ಕಡೆ ಕೇಳದೆ ಸುರಿಯುವವರು. ಆ ಎರಡನೆಯ ಭಾಗ ಬಲ್ಗೇರಿಯಾದಲ್ಲಿ ಶುರುವಾಗಿ ರಬಕವಿಯವರೆಗೆ ಹಬ್ಬಿದೆ. ಹೆಡ್ ಆಫೀಸಿನವರು ಹುಡುಕುತ್ತಿದ್ದ ಒಗ್ಗಟ್ಟು ನಮ್ಮ ಪ್ಯಾಂಟ್ರಿಯಲ್ಲಿ ಚಹಾ ಕುಡಿಯುತ್ತಿತ್ತು.

ಆ ಸಂತೋಷದಲ್ಲಿ ನಾವಿಬ್ಬರೂ ಒಂದೊಂದು ಉಪಕಾರ ಮಾಡಿದೆವು. ಹುದ್ದೆಯ ಮಾತನ್ನು ಎತ್ತದೆ, ಈ ಕಡೆಯ ಜನರನ್ನು ಮೂರು ಸಲ ಕೇಳಬೇಕು, ಮೊದಲೆರಡು ಉತ್ತರ ಬರೀ ಸೌಜನ್ಯ, ಮೂರನೆಯದೇ ನಿಜ ಅಂತ ಎಲೆನಾ ಹೆಂಡ್ರಿಕ್‌ಗೆ ಪಾಠ ಮಾಡಿದಳು. ನಾನು ಮುನೀರ್ ಭಾಯ್ ಅವರನ್ನು ಹಿಡಿದು, "ಇವರ ಮುಂದ ಉಪಚಾರ ನಡಿಯಂಗಿಲ್ರಿ. ಇನ್ನೊಮ್ಮೆ ಕೇಳಿದ್ರ ಬಾಯಿ ತೆರದ ಕೂಡಲೇ ಎಸ್ ಅನ್ರಿ" ಅಂತ ತಾಕೀತು ಮಾಡಿದೆ. ನಾನೂ ಎಲೆನಾನೂ ಇದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಸಂಸ್ಕೃತಿಗಳ ನಡುವಿನ ಸಂವಾದ ಅಂದರೆ ಇದೇ ಇರಬೇಕು.

ಮುನೀರ್ ಭಾಯ್‌ಗೆ ಎರಡನೇ ಸಲ ಕರೆ ಬಂತು. ಒಳಗೆ ನಡೆದದ್ದನ್ನು ಆಮೇಲೆ ಮುನೀರ್ ಭಾಯ್ ಬಾಯಲ್ಲೇ ಕೇಳಿದೆ. ಆ ಕೆಲಸ ಬೇಕೇ ಅಂತ ಸಾಹೇಬರು ಕೇಳಿದರು. ಇವರು ಎದೆಯುಬ್ಬಿಸಿ, "ಎಸ್ ಸರ್" ಅಂದರು. ಸಾಹೇಬರು ತಮ್ಮಷ್ಟಕ್ಕೆ ನಕ್ಕು, ನಿಜವಾಗಿಯೂ ಬೇಕೇ ಅಂದರು. "ಎಸ್ ಸರ್." ಸಾಹೇಬರು ಮುಂದೆ ಬಾಗಿ, ಇನ್ನೊಮ್ಮೆ ಯೋಚಿಸಿ, ಬೇಡವಾದರೆ ಧಾರಾಳವಾಗಿ ಹೇಳಿ, ನನಗೇನೂ ಬೇಸರವಿಲ್ಲ ಅಂದರು.

"ನನಗೆ ಅರ್ಥ ಆಯ್ತು ಅಕ್ಕಾ. ಅವರಿಗೆ ಕೊಡುವ ಮನಸ್ಸಿಲ್ಲ, ಬಾಯಿಬಿಟ್ಟು ಹೇಳ್ಲಿಕ್ಕೆ ಆಗುದಿಲ್ಲ. ನೋ ಸರ್, ಪರವಾಗಿಲ್ಲ, ಖಲಾಸ್ ಅಂದೆ."

ಮೂರನೆಯ ಉತ್ತರ ಸಿಕ್ಕಿದ್ದಕ್ಕೆ ಹೆಂಡ್ರಿಕ್ ಬಹಳ ಖುಷಿಯಾದರಂತೆ. ಎಲೆನಾ ಹೇಳಿದ್ದು ಸರಿ, ಈ ಜನ ಒಳಗಿನ ಮಾತನ್ನು ಕೊನೆಗೇ ಹೇಳುವುದು ಅಂತ ನನ್ನ ಮುಂದೆಯೇ ಕೊಂಡಾಡಿದರು. ಎಲೆನಾಗೆ ಹೇಳಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಪ್ಯಾಂಟ್ರಿಯ ಕಡೆ ನೋಡಿದೆ. ಮುನೀರ್ ಭಾಯ್ ಎದುರಿಗೆ ಡಬ್ಬಿ ತೆರೆದಿತ್ತು, ಫೋನು ಕವುಚಿ ಬಿದ್ದಿತ್ತು. ಹೆಂಡತಿಯ ಮುಖ ನೋಡುವ ಧೈರ್ಯ ಆ ದಿನ ಅವರಿಗಿರಲಿಲ್ಲ. ನಕ್ಕದ್ದಕ್ಕೆ ನಾಚಿಕೆಯಾಯಿತು.

ಸಂಸ್ಕೃತಿ ಸಂಜೆ ಬಂತು. ಮಾರನೆಯ ದಿನವೇ ಹೊರಗಿನ ಅಭ್ಯರ್ಥಿಯ ಸಂದರ್ಶನ. ನಾನು ಯಾರ ಅಪ್ಪಣೆಗೂ ಕಾಯದೆ ಬುಟ್ಟಿ ತುಂಬ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆ. ಬಡಿಸುವವರಿಗೆಲ್ಲ ನಕ್ಷತ್ರದ ಏಪ್ರನ್ ಕೊಟ್ಟರು, ನಾನೂ ಒಂದನ್ನು ಕೊರಳಿಗೆ ಹಾಕಿಕೊಂಡೆ. ನಿರ್ದೇಶಕಿಯವರು ಭಾಷಣ ಮಾಡಿದರು. ಯಾರೂ ಹೊರಗೆ ಉಳಿಯಬಾರದು ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮುನೀರ್ ಭಾಯ್ ಕೂಡ ತಟ್ಟಿದರು, ಬಾಗಿಲ ಹೊರಗೆ ನಿಂತುಕೊಂಡು, ಲಿಫ್ಟಿನಿಂದ ಬರುವ ಸಾಮಾನಿಗೆ ಕಾಯುತ್ತ.

ನಿರ್ದೇಶಕಿಯವರು ನನ್ನ ಮೇಜಿಗೆ ಬಂದು ರೊಟ್ಟಿಯ ಚೂರೊಂದನ್ನು ತಿಂದು ಚೆನ್ನಾಗಿದೆ ಅಂದರು. ಇನ್ನೊಂದು ಹಾಕಲು ಹೋದೆ. "ನೋ, ಥ್ಯಾಂಕ್ ಯೂ" ಅಂತ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಕೈಯನ್ನು ಹಾಗೇ ಪಕ್ಕಕ್ಕೆ ಸರಿಸಿ ರೊಟ್ಟಿ ಹಾಕಿದೆ, ಮೇಲೆ ಎಣ್ಣೆಗಾಯಿ ಸುರಿದೆ. ಹೆಂಡ್ರಿಕ್ ಮುಖ ಬಿಳುಚಿತು, ಇನ್ನೂ ಬಿಳುಚುವುದಕ್ಕೆ ಅಲ್ಲಿ ಜಾಗವಿತ್ತು ಅಂತ ಆಗಲೇ ತಿಳಿದದ್ದು. ನಿರ್ದೇಶಕಿಯವರು ನನ್ನನ್ನು ನೋಡಿದರು, ತಟ್ಟೆ ನೋಡಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು ತಿಂದರು. ಬೆರಳೂ ಚೀಪಿದರು.

"ಅವರು ಬೇಡ ಅಂದಿದ್ದರಲ್ಲ!" ಅಂದರು ಹೆಂಡ್ರಿಕ್, ನನ್ನನ್ನು ಪಕ್ಕಕ್ಕೆ ಕರೆದು.

"ಮುನೀರ್ ಕೂಡ ಅಂದಿದ್ದರು ಸರ್." ಮುನೀರ್ ಭಾಯ್ ಕೈಮುಗಿದದ್ದು ನೆನಪಿತ್ತು. ಆದರೆ ನಾನು ಬಡಿಸುವವರ ಮನೆಯ ಮಗಳು, ಯಾರ ಬೇಡವನ್ನು ಕೇಳಿಸಿಕೊಳ್ಳಬಾರದು ಅನ್ನುವುದು ನನಗೆ ಗೊತ್ತಿತ್ತು. ಮೊದಲಿನ ಬೇಡ ಮರ್ಯಾದೆಗೆ ಹೇಳಿದ್ದು, ನಡುವಿನ ಹೌದು ನಿಜ, ಕೊನೆಯ ಬೇಡ ನಿಮ್ಮ ಮುಖ ನೋಡಿ ಹೇಳಿದ್ದು ಅಂತ ಎಲ್ಲ ಒದರಿಬಿಟ್ಟೆ. ಅವರ ಹೆಂಡತಿ, ಮಗಳು, ನೀರಿನ ಬಾಟಲಿಗೆ ಒರಗಿಸಿದ ಫೋನು, ಒಂದನ್ನೂ ಬಿಡಲಿಲ್ಲ.

ಹೆಂಡ್ರಿಕ್ ತಿರುಗಿ ಬಾಗಿಲ ಕಡೆ ನೋಡಿ, "ಹಾಗಾದರೆ ಅವರನ್ನು ಇನ್ನು ಹೇಗೆ ಕೇಳಲಿ?" ಅಂದರು.

"ಕೇಳಬೇಡಿ. ಬಡಿಸಿ."

ಅವರು ಹೋಗಿ ಗೋದಾಮಿನ ಬೀಗದ ಕೈಗಳನ್ನು ತಂದರು. ಬಾಗಿಲ ಹೊರಗೆ ನಿಂತಿದ್ದ ಮುನೀರ್ ಭಾಯ್ ಮುಂದೆ ಹಿಡಿದು, ಬರುವ ತಿಂಗಳಿನಿಂದ ಗೋದಾಮು ನಿಮ್ಮದು, ಫ್ಲ್ಯಾಟೂ ನಿಮ್ಮದು ಅಂದರು. ಮುನೀರ್ ಭಾಯ್ ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು. "ನೋ ನೋ ಸರ್, ನನಗೆ ಯಾಕೆ ಸರ್..." ಕಣ್ಣು ಆಗಲೇ ತುಂಬಿಹೋಗಿತ್ತು. ಹೆಂಡ್ರಿಕ್ ಕೈ ಗಾಳಿಯಲ್ಲೇ ನಿಂತಿತು. ನನ್ನ ಪಕ್ಕದಲ್ಲಿ ಎಲೆನಾ ಜೋರಾಗಿ ಕೆಮ್ಮಿದಳು. ಸಾಹೇಬರು ಮುನೀರ್ ಭಾಯ್ ಮುಷ್ಟಿಯನ್ನು ಹಿಡಿದು ಬಿಡಿಸಿ, ಬೀಗದ ಕೈಗಳನ್ನು ಒಳಗಿಟ್ಟು, ಬೆರಳುಗಳನ್ನು ಮತ್ತೆ ಮಡಚಿದರು.

ಒಳಗೆ ಯುರೋಪಿಯನ್ನರು ಹಮ್ಮಸ್ ತಿನ್ನುತ್ತಿದ್ದರು. ಮುನೀರ್ ಭಾಯ್ ಮೆಟ್ಟಿಲ ಕಡೆಗೆ ಹೋಗಿ ಮನೆಗೆ ಫೋನು ಮಾಡಿದರು. ಸ್ಪೀಕರ್ ಆರಿಸುವುದನ್ನೂ ಮರೆತಿದ್ದರು. ಮಾತೆಲ್ಲ ನವಾಯತಿಯಲ್ಲಿ, ನನಗೆ ಒಂದಕ್ಷರ ಬರುವುದಿಲ್ಲ. ಇವರು ಏನೋ ಹೇಳಿದರು. ಆ ಕಡೆಯಿಂದ ಶಾಹಿದಾ ಸಣ್ಣ ದನಿಯಲ್ಲಿ ಏನೋ ಅಂದರು. ಬೇಡ, ನಮಗೋಸ್ಕರ ಅಷ್ಟೆಲ್ಲ ಯಾಕೆ, ನಾವಿಲ್ಲಿ ಚೆನ್ನಾಗಿಯೇ ಇದ್ದೇವೆ ಅನ್ನುವಾಗ ಯಾವ ಭಾಷೆಯಲ್ಲೂ ದನಿ ಹಾಗೇ ಇರುತ್ತದೆ. ಇವರು ಇನ್ನೊಮ್ಮೆ ಹೇಳಿದರು. ಆ ಕಡೆಯಿಂದ ಅದೇ ದನಿ, ಅದೇ ಮಾತು. ಇವರು ಮೂರನೇ ಸಲ ಕೇಳಲಿಲ್ಲ. ಫ್ಲೈಟ್ ಅಂದು ತಿಂಗಳ ಹೆಸರನ್ನು ಮಾತ್ರ ಹೇಳಿದರು, ಅಷ್ಟು ನನಗೂ ತಿಳಿಯಿತು. ಆಗ ಆಕೆ ಅಳುವುದು ಕೇಳಿಸಿತು.